ಯುದ್ಧಕಾಲದ ಕತೆಗಳಲ್ಲಿ ಬೆಳೆಯುವ ಮಕ್ಕಳು



ಈ ವರ್ಷ ಗ್ರಂಥಾಲಯದ ಅವಧಿಯಲ್ಲಿ ನಾವು ಕೈಗೆತ್ತಿಕೊಂಡ ಪುಸ್ತಕಗಳಲ್ಲಿ ನಾಲ್ಕೈದು ಯುದ್ಧಕಾಲದವು. ಆದರೆ ಅವುಗಳ ನಡುವೆ ನಿಂತವರು ಸೈನಿಕರಲ್ಲ, ಸೇನಾಪತಿಗಳಲ್ಲ. ನಿಮ್ಮ ವಯಸ್ಸಿನವರು, ಕೆಲವರು ನಿಮಗಿಂತ ಚಿಕ್ಕವರು. ತರಗತಿಯಲ್ಲಿ ಈ ಬಗ್ಗೆ ಆಡಿದ ಮಾತುಗಳನ್ನು ಒಂದು ಪಾಠವಾಗಿ ಬರೆದುಕೊಡಿ ಎಂದು ವಾರ್ತಾಪತ್ರದ ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಇದು ಪರೀಕ್ಷೆಗೆ ಬರುವುದಿಲ್ಲ. ಹಾಗಾಗಿ ಅಂಡರ್‌ಲೈನ್ ಮಾಡುವ ಅಗತ್ಯವಿಲ್ಲ.

"ಯುದ್ಧ ನಡೆಯುತ್ತಿದೆ ಎನ್ನುವುದು ಒಂದು ಮಗುವಿಗೆ ಹೇಗೆ ಗೊತ್ತಾಗುತ್ತದೆ?" ಎಂದು ನಾನು ಮೊದಲ ದಿನ ಕೇಳಿದ್ದೆ. ಬಾಂಬು, ವಿಮಾನ, ಟ್ಯಾಂಕು, ಟಿವಿ ಎಂಬ ಉತ್ತರಗಳು ಬಂದವು. ಸಿನಿಮಾ ನೋಡಿ ಬೆಳೆದವರಿಗೆ ಅದು ಸಹಜ. ಆದರೆ ಮಕ್ಕಳಿಗಾಗಿ ಬರೆದ ಒಳ್ಳೆಯ ಕತೆಗಳಲ್ಲಿ ಯುದ್ಧ ಅಷ್ಟು ಸದ್ದು ಮಾಡಿಕೊಂಡು ಬರುವುದಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದ ಮಿಠಾಯಿ ಸಿಗದೆ ಹೋಗುತ್ತದೆ. ಶಾಲೆಯ ಜವಾನ ಒಂದು ದಿನ ಕಾಣುವುದಿಲ್ಲ. ದೊಡ್ಡವರು ಮಾಡಬೇಕಾದ ಕೆಲಸ ಚಿಕ್ಕವರ ಹೆಗಲಿಗೆ ಬರುತ್ತದೆ. ನಿನ್ನೆಯವರೆಗೆ ಯಾರೂ ಆಡದಿದ್ದ ಒಂದು ಬೈಗುಳ ಬೀದಿಗೆ ಬರುತ್ತದೆ. ಬಾಂಬು ಬೀಳುವುದಕ್ಕೆ ಎಷ್ಟೋ ದಿನ ಮೊದಲೇ ಯುದ್ಧ ಮಕ್ಕಳ ಕೈಗೆ ಒಂದು ಕೆಲಸವನ್ನೋ ಒಂದು ಮಾತನ್ನೋ ಕೊಟ್ಟಿರುತ್ತದೆ. ಅದನ್ನು ಆ ಮಗು ಏನು ಮಾಡುತ್ತದೆ ಎಂಬುದೇ ಈ ಕತೆಗಳಲ್ಲಿ ಬೆಳೆಯುವುದು ಎಂಬ ಮಾತಿನ ಅರ್ಥ ಎಂದು ನನಗೆ ಅನ್ನಿಸಿದೆ. ಎಲ್ಲ ವಿಮರ್ಶಕರೂ ಇದನ್ನು ಒಪ್ಪಬೇಕೆಂದಿಲ್ಲ.

ಹೊರಗಿನ ಪುಸ್ತಕಗಳಿಗೆ ಹೋಗುವ ಮೊದಲು ನಮ್ಮ ಕಿವಿಗೆ ಈಗಾಗಲೇ ಬಿದ್ದಿರುವ ಕತೆಗಳನ್ನು ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬ ಬಂದರೆ 'ಕುರುಕ್ಷೇತ್ರ' ನಾಟಕ ಇದ್ದೇ ಇರುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪಾತ್ರ ಕಲಿಸುತ್ತಾರೆ. ಅಭಿಮನ್ಯುವಿನ ಪಾತ್ರ ಊರಿನ ಹುಡುಗನೊಬ್ಬನಿಗೆ ಸಿಗುತ್ತದೆ, ಅವನಿಗೇ ಹೆಚ್ಚು ಚಪ್ಪಾಳೆ. ಕತೆಯ ಪ್ರಕಾರ ಅಭಿಮನ್ಯುವಿಗೆ ಹದಿನಾರು ವರ್ಷ, ಅಂದರೆ ಪ್ರಥಮ ಪಿಯುಸಿ. ಚಕ್ರವ್ಯೂಹದ ಒಳಗೆ ಹೋಗುವುದನ್ನು ಅವನು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕೇಳಿಸಿಕೊಂಡ, ಹೊರಗೆ ಬರುವುದನ್ನು ಕೇಳಿಸಿಕೊಳ್ಳಲಿಲ್ಲ. ನಾವು ಅವನ ಶೌರ್ಯವನ್ನು ಹೊಗಳುತ್ತೇವೆ. ನನಗೆ ಕಾಡುವುದು ಇನ್ನೊಂದು ಸಂಗತಿ. ಒಳಹೋಗುವ ದಾರಿಯಷ್ಟೇ ಗೊತ್ತಿದ್ದ ಹುಡುಗನನ್ನು ಒಳಗೆ ಕಳಿಸಿದವರು ಯಾರು? ಅವನ ದೊಡ್ಡಪ್ಪಂದಿರು. ಅವರಿಗೆ ವಿಷಯ ಗೊತ್ತಿತ್ತು. ಅವನೇ ಹೇಳಿದ್ದ.

ಉತ್ತರಕುಮಾರನ ವಿಷಯ ಇನ್ನೂ ವಿಚಿತ್ರ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಇವತ್ತಿಗೂ ಬಳಕೆಯಲ್ಲಿದೆ. ಕುಮಾರವ್ಯಾಸ ಈ ಹುಡುಗನನ್ನು ಇಟ್ಟುಕೊಂಡು ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಾನೆ. ಹೆಂಗಸರ ಮುಂದೆ ಜಂಬ ಕೊಚ್ಚಿಕೊಂಡು, ಬೃಹನ್ನಳೆಯನ್ನು ಸಾರಥಿ ಮಾಡಿಕೊಂಡು ಹೋದವನು ಕೌರವರ ಸೇನೆಯನ್ನು ಕಂಡ ಕೂಡಲೇ ರಥದಿಂದ ಹಾರಿ ಓಡುತ್ತಾನೆ. ಅಷ್ಟು ದೊಡ್ಡ ಸೇನೆ ನೋಡಿ ಹೆದರಿದ ಹುಡುಗನ ಬಗ್ಗೆ ನಗು ಬರುವುದು ಸರಿಯೇ ಎಂದು ಒಮ್ಮೆ ತರಗತಿಯಲ್ಲಿ ಕೇಳಿದಾಗ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಇದೇ ಉತ್ತರ ಮುಂದೆ ಕುರುಕ್ಷೇತ್ರ ಯುದ್ಧಕ್ಕೂ ಹೋದ, ಮೊದಲ ದಿನವೇ ಶಲ್ಯನ ಕೈಯಲ್ಲಿ ಸತ್ತ. ಓಡಿದ್ದು ಗಾದೆಯಾಗಿ ಉಳಿಯಿತು, ಸತ್ತದ್ದು ಮರೆತುಹೋಯಿತು.

ನಮ್ಮ ಮನೆಗಳಲ್ಲಿ ಕೇಳಿಬರುವುದು ಕರ್ಬಲಾದ ಕತೆ. ಹಿಜರಿ 61, ಅಂದರೆ ಕ್ರಿ.ಶ. 680. ಯೂಫ್ರೆಟಿಸ್ ನದಿ ಹತ್ತಿರವೇ ಹರಿಯುತ್ತಿದ್ದರೂ ಇಮಾಮ್ ಹುಸೇನರ ಬಿಡಾರಕ್ಕೆ ನೀರು ಸಿಗದಂತೆ ಮಾಡಲಾಗಿತ್ತು. ಆ ಬಿಡಾರದಲ್ಲಿ ಮಕ್ಕಳಿದ್ದರು. ಇಮಾಮ್ ಹಸನರ ಮಗ ಖಾಸಿಮ್ ಇನ್ನೂ ಮೀಸೆ ಮೂಡದ ಹುಡುಗ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮೊಹರಮ್ಮಿಗೆ ಬಾಬಯ್ಯನ ಹಬ್ಬ ಎಂಬ ಹೆಸರಿದೆ, ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಅದು ನಡೆಯುತ್ತದೆ. ಕನ್ನಡದ ಮೊಹರಂ ಪದಗಳಲ್ಲಿ ಖಾಸಿಮನ ಕತೆ ಬಂದಾಗ ಹಾಡುವವರ ಧ್ವನಿ ಕುಗ್ಗುತ್ತದೆ. ಅಲ್ಲಿ ಯುದ್ಧ ಎಂದರೆ ಮೊದಲು ಬಾಯಾರಿಕೆ, ಕತ್ತಿ ಆಮೇಲೆ. ನೀರಿನ ತೋಲು ಖಾಲಿಯಾಗಿರುವುದು ಮಕ್ಕಳಿಗೆ ಗೊತ್ತಾಗುತ್ತದೆ, ರಾಜಕೀಯ ಗೊತ್ತಾಗುವುದಿಲ್ಲ. ನಾನು ಮೇಲೆ ಹೇಳಿದ ಮಾತಿಗೆ ಇದಕ್ಕಿಂತ ಹಳೆಯ ಉದಾಹರಣೆ ಬೇಕಿಲ್ಲ.

ಈಗ ಕನ್ನಡದ ಕಾದಂಬರಿಯೊಂದಕ್ಕೆ ಬರುತ್ತೇನೆ. ನಿರಂಜನರ 'ಚಿರಸ್ಮರಣೆ'. 1955ರಲ್ಲಿ ಪ್ರಕಟವಾದದ್ದು. ಇದನ್ನು ಮಕ್ಕಳ ಕಾದಂಬರಿ ಎಂದು ಯಾರೂ ಕರೆಯುವುದಿಲ್ಲ. ಆದರೆ ಹದಿನಾರು ಹದಿನೇಳರ ವಯಸ್ಸಿನಲ್ಲಿ ಓದಲು ಇದಕ್ಕಿಂತ ತಕ್ಕ ಕನ್ನಡ ಕಾದಂಬರಿಗಳು ಕಡಿಮೆ. ಬರೆದವರು ಕಿರಿಯರಿಗಾಗಿ 'ಜ್ಞಾನಗಂಗೋತ್ರಿ' ಎಂಬ ಏಳು ಸಂಪುಟಗಳ ವಿಶ್ವಕೋಶವನ್ನು ಸಂಪಾದಿಸಿದವರು. ಎಳೆಯ ಓದುಗರ ಮೇಲೆ ಅವರಿಗೆ ಎಷ್ಟು ಕಾಳಜಿ ಇತ್ತೆಂಬುದಕ್ಕೆ ಅದೇ ಸಾಕ್ಷಿ.

ಕಾದಂಬರಿಗೆ ಆಧಾರ ಕಯ್ಯೂರಿನಲ್ಲಿ ನಡೆದ ಘಟನೆ. ಕಯ್ಯೂರು ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1939ರಲ್ಲಿ ಬ್ರಿಟಿಷ್ ಸರ್ಕಾರ ಭಾರತದವರನ್ನು ಒಂದು ಮಾತೂ ಕೇಳದೆ ಭಾರತವನ್ನು ಎರಡನೇ ಮಹಾಯುದ್ಧಕ್ಕೆ ಸೇರಿಸಿತು. ಯುದ್ಧ ನಡೆದದ್ದು ಯೂರೋಪಿನಲ್ಲಿ, ಬೆಲೆ ಏರಿದ್ದು ಇಲ್ಲಿ. ಜಮೀನುದಾರರಿಗೆ ಗೇಣಿ ಕೊಡುತ್ತಿದ್ದ ಕಯ್ಯೂರಿನ ರೈತರು ಸಂಘ ಕಟ್ಟಿಕೊಂಡಿದ್ದರು. 1941ರ ಮಾರ್ಚ್ ಕೊನೆಯಲ್ಲಿ ಪೊಲೀಸರು ಊರಿಗೆ ನುಗ್ಗಿ ಬಂಧಿಸಿದರು, ಹೊಡೆದರು. ಮಾರ್ಚ್ 28ರಂದು ಊರಿನವರು ಪ್ರತಿಭಟನೆಯ ಮೆರವಣಿಗೆ ಹೊರಟಾಗ ಸುಬ್ಬರಾಯ ಎಂಬ ಪೊಲೀಸನೊಬ್ಬ ಎದುರು ಸಿಕ್ಕಿದ. ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದವನು ಅಲ್ಲಿಯೇ ಸತ್ತ. ಅರುವತ್ತಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಹೂಡಿದರು. ವಿಚಾರಣೆ ನಡೆದದ್ದು ಮಂಗಳೂರಿನಲ್ಲಿ. 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕ್ಕರ್. ಮರಣದಂಡನೆಗೆ ಗುರಿಯಾಗಿದ್ದವರು ನಿಜಕ್ಕೆ ಐವರು. ಐದನೆಯವನಾದ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಇನ್ನೂ ಪ್ರಾಪ್ತ ವಯಸ್ಸಿಗೆ ಬಂದಿರಲಿಲ್ಲವೆಂದು ಗಲ್ಲಿನಿಂದ ಉಳಿದ.

ಈ ಐದನೆಯವನ ಮುಂದೆ ಸ್ವಲ್ಪ ನಿಲ್ಲಬೇಕು. ಒಂದೇ ಊರು, ಒಂದೇ ಮೆರವಣಿಗೆ, ಒಂದೇ ಆರೋಪ. ಕಾನೂನು ಒಂದು ಗೆರೆ ಎಳೆದು ಇವನು ಹುಡುಗ, ಅವರು ಗಂಡಸರು ಎಂದಿತು. ನಮ್ಮ ತರಗತಿಯಲ್ಲಿ ಹದಿನೆಂಟು ತುಂಬಿದವರು, ತುಂಬದವರು ಒಂದೇ ಬೆಂಚಿನಲ್ಲಿ ಕೂತಿರುತ್ತೀರಿ. ನಿಮ್ಮ ನಡುವೆ ಆ ಗೆರೆ ಎಲ್ಲಿದೆ ಎಂದು ನೋಡಿದರೆ ತಿಳಿಯುವುದಿಲ್ಲ.

ನಿರಂಜನರ ಕಾದಂಬರಿಯ ಹೆಚ್ಚುಗಾರಿಕೆ ಇಲ್ಲಿದೆ. ಅವರು ಕತೆಯನ್ನು ಗಲ್ಲಿನ ಕಂಬದಿಂದ ಆರಂಭಿಸಿ ಹುತಾತ್ಮರ ಸ್ತೋತ್ರ ಮಾಡಬಹುದಿತ್ತು. ಹಾಗೆ ಮಾಡದೆ ಅಪ್ಪು, ಚಿರುಕಂಡ ಇಬ್ಬರನ್ನೂ ಶಾಲೆಯ ಹುಡುಗರಾಗಿ ನಮ್ಮ ಮುಂದೆ ತರುತ್ತಾರೆ. ಅವರಿಗೆ ಒಬ್ಬ ಮೇಷ್ಟ್ರು ಸಿಗುತ್ತಾರೆ, ಪ್ರಶ್ನೆ ಕೇಳುವುದನ್ನು ಕಲಿಸುತ್ತಾರೆ. ನಮ್ಮ ಅಪ್ಪ ದುಡಿದರೂ ನಮ್ಮ ಮನೆಯಲ್ಲಿ ಅಕ್ಕಿ ಯಾಕಿಲ್ಲ ಎಂಬ ಪ್ರಶ್ನೆಯಿಂದ ಅವರು ಬೆಳೆಯುತ್ತಾ ಹೋಗುತ್ತಾರೆ. ಅಭಿಮನ್ಯುವಿಗೂ ಇವರಿಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಅಭಿಮನ್ಯು ಯಾಕೆ ಹೋಗುತ್ತಿದ್ದೇನೆ ಎಂದು ಕೇಳಲಿಲ್ಲ. ಇವರು ಕೇಳಿದರು. ಆದರೂ ಹೋದರು. ಓದಿ ಮುಗಿಸಿದ ಮೇಲೆ ಇವರನ್ನು ಬರಿಯ ಬಲಿಪಶುಗಳೆಂದು ಕರೆಯಲು ಮನಸ್ಸು ಬರುವುದಿಲ್ಲ. ವೀರರೆಂದು ಮಾಲೆ ಹಾಕಿ ಮರೆಯಲೂ ಆಗುವುದಿಲ್ಲ. ಹಾಗೆಯೇ ಹೊಳೆಯಲ್ಲಿ ಸತ್ತ ಪೊಲೀಸನಿಗೂ ಒಂದು ಮನೆ ಇದ್ದಿರಬೇಕು ಎಂಬ ಯೋಚನೆ ನಿಮಗೆ ಬಂದರೆ ಅದನ್ನು ತಳ್ಳಿಹಾಕಬೇಡಿ. ಒಂದು ಪುಸ್ತಕವನ್ನು ಮೆಚ್ಚುತ್ತಲೇ ಅದರ ಅಂಚಿನಲ್ಲಿ ನಿಂತವರನ್ನೂ ನೋಡಬಹುದು.

ಕಯ್ಯೂರಿನವರು ಗಲ್ಲಿಗೇರಿದ ಅದೇ ಮಾರ್ಚ್ ತಿಂಗಳಲ್ಲಿ, ಕೆಲವು ದಿನ ಮೊದಲು, ನಮ್ಮ ಮೈಸೂರು ಸಂಸ್ಥಾನದ ಈಸೂರಿನ ಐವರು ಗಲ್ಲಿಗೇರಿದ್ದರು. ಈಸೂರು ಶಿಕಾರಿಪುರ ತಾಲ್ಲೂಕಿನ ಹಳ್ಳಿ. 1942ರಲ್ಲಿ ಆ ಊರಿನವರು ನಮ್ಮದು ಸ್ವತಂತ್ರ ಊರು ಎಂದು ಘೋಷಿಸಿಕೊಂಡು, ಚಿಕ್ಕ ಪ್ರಾಯದ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಅಮಲ್ದಾರನನ್ನಾಗಿ, ಇನ್ನೊಬ್ಬನನ್ನು ಸಬ್‌ಇನ್ಸ್‌ಪೆಕ್ಟರನನ್ನಾಗಿ ಮಾಡಿದರು. ಮಕ್ಕಳಾಟದಂತೆ ಕಾಣುತ್ತದೆ ಅಲ್ಲವೇ? ಕೆಲವೇ ದಿನಗಳಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಆ ಊರಿನಲ್ಲಿ ಸತ್ತರು, ಸೇನೆ ಬಂತು, ಊರು ಖಾಲಿಯಾಯಿತು. ಆ ಇಬ್ಬರು ಹುಡುಗರ ಕಣ್ಣಿನಿಂದ ಈಸೂರನ್ನು ಹೇಳುವ ಒಂದು ಕಾದಂಬರಿ ನಿಮ್ಮ ವಯಸ್ಸಿನ ಓದುಗರಿಗೆ ಬೇಕು. ನಿಮ್ಮಲ್ಲಿ ಯಾರಾದರೂ ಮುಂದೆ ಬರೆದರೆ ನನಗೆ ಒಂದು ಪ್ರತಿ ಕಳಿಸಿ.

ಇಷ್ಟು ಹೊತ್ತು ಹೇಳಿದ್ದು ಯುದ್ಧಕಾಲದಲ್ಲಿ ಎದ್ದು ನಿಂತ ಹುಡುಗರ ವಿಷಯ. ಏನೂ ಮಾಡಲಾಗದ ಪುಟ್ಟ ಮಕ್ಕಳ ಮೇಲೆ ಯುದ್ಧ ಹೇಗೆ ಇಳಿಯುತ್ತದೆ? ಅದಕ್ಕೆ ನಾನು ಆರಿಸಿಕೊಂಡದ್ದು 'ತೊತ್ತೊಚಾನ್'. ಕನ್ನಡದಲ್ಲಿಯೂ ಸಿಗುತ್ತದೆ. ಡಿ.ಇಡಿ., ಬಿ.ಇಡಿ. ಓದಿದ ನಿಮ್ಮ ಅಕ್ಕಂದಿರ ಕಪಾಟಿನಲ್ಲಿ ಹುಡುಕಿ. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯವನ್ನೇ ಕತೆಯಂತೆ ಬರೆದ ಪುಸ್ತಕ, 1981ರದ್ದು. ಹಾಗಾಗಿ ಇದು ಪೂರ್ತಿ ಕಲ್ಪನೆಯಲ್ಲ, ಕತೆಯ ರೂಪದ ನೆನಪು. ರೈಲಿನ ಹಳೆಯ ಬೋಗಿಗಳನ್ನು ತರಗತಿಗಳನ್ನಾಗಿ ಮಾಡಿಕೊಂಡಿದ್ದ ತೊಮೊಯೆ ಶಾಲೆ, ಮಕ್ಕಳ ಮಾತನ್ನು ಗಂಟೆಗಟ್ಟಲೆ ಕೇಳುತ್ತಿದ್ದ ಮುಖ್ಯೋಪಾಧ್ಯಾಯ ಕೊಬಾಯಾಶಿ. ನಮ್ಮಲ್ಲಿ ಈ ಪುಸ್ತಕವನ್ನು ಒಳ್ಳೆಯ ಶಾಲೆಯ ಮಾದರಿ ಎಂದೇ ಓದಿಸುತ್ತಾರೆ. ಅದರೊಳಗೆ ಎರಡನೇ ಮಹಾಯುದ್ಧವೂ ಇದೆ ಎಂಬುದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಪುಟಾಣಿ ತೊತ್ತೊಚಾನ್ ಕೂಡ ಮೊದಲು ಗಮನಿಸುವುದಿಲ್ಲ.

ರೈಲು ನಿಲ್ದಾಣದಲ್ಲಿ ನಾಣ್ಯ ಹಾಕಿದರೆ ಕ್ಯಾರಮೆಲ್ ಮಿಠಾಯಿ ಕೊಡುವ ಯಂತ್ರವಿರುತ್ತದೆ. ಒಂದು ಕಾಲದಿಂದ ಅದರಲ್ಲಿ ಮಿಠಾಯಿ ಬರುವುದು ನಿಂತುಹೋಗುತ್ತದೆ. ತೊತ್ತೊಚಾನ್ ಆಸೆ ಬಿಡದೆ ಅಲುಗಾಡಿಸಿ ನೋಡುತ್ತಾಳೆ. ಶಾಲೆಯ ಎಲ್ಲರಿಗೂ ಬೇಕಾದ ಕೆಲಸಗಾರ ರ್ಯೋಚಾನ್‌ಗೆ ಸೈನ್ಯಕ್ಕೆ ಕರೆ ಬರುತ್ತದೆ. ಪ್ರೀತಿಯ ನಾಯಿ ರಾಕಿ ಕಾಣೆಯಾಗುತ್ತದೆ. ಗಾಯಗೊಂಡ ಸೈನಿಕರನ್ನು ನೋಡಲು ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದಾಗ ಉಳಿದ ಮಕ್ಕಳು ಹಾಡುವ ಹಾಡು ಇವಳಿಗೆ ಗೊತ್ತಿರುವುದಿಲ್ಲ. ತನಗೆ ಗೊತ್ತಿರುವ, ಊಟವನ್ನು ಚೆನ್ನಾಗಿ ಅಗಿಯಿರಿ ಎಂಬ ಶಾಲೆಯ ಹಾಡನ್ನೇ ಹಾಡುತ್ತಾಳೆ. ಸೈನಿಕನೊಬ್ಬ ಕಣ್ಣೀರು ಹಾಕುತ್ತಾನೆ. ಅವನು ಯಾಕೆ ಅತ್ತ ಎಂದು ಅವಳಿಗೆ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ. ಪಾತ್ರಕ್ಕೆ ಗೊತ್ತಿಲ್ಲದ್ದು ಓದುಗನಿಗೆ ಗೊತ್ತಾಗುವ ಈ ತಂತ್ರವನ್ನು ನೆನಪಿಟ್ಟುಕೊಳ್ಳಿ. ಮಕ್ಕಳ ಯುದ್ಧಕತೆಗಳ ಬಲವೆಲ್ಲ ಇದರಲ್ಲಿದೆ.

ಅವಳ ಅಪ್ಪ ಪಿಟೀಲು ವಾದಕ. ಯುದ್ಧಸಾಮಗ್ರಿ ತಯಾರಿಸುವ ಕಾರ್ಖಾನೆಯಲ್ಲಿ ಯುದ್ಧಗೀತೆ ನುಡಿಸಿದರೆ ಅಕ್ಕಿ, ಸಕ್ಕರೆ, ಸಿಹಿತಿಂಡಿ ಕೊಡುತ್ತಾರೆಂಬ ಸುದ್ದಿ ಬರುತ್ತದೆ. ಮನೆಯಲ್ಲಿ ಹಸಿವು ಇರುತ್ತದೆ. ಅವರು ಬೇಡ ಎನ್ನುತ್ತಾರೆ, ತಮ್ಮ ಪಿಟೀಲಿನಲ್ಲಿ ಆ ಹಾಡುಗಳನ್ನು ನುಡಿಸಲು ಅವರಿಗೆ ಇಷ್ಟವಿಲ್ಲ. ಮಗಳು ಇದನ್ನು ನೋಡುತ್ತಾ ಬೆಳೆಯುತ್ತಾಳೆ. ಉಪದೇಶ ಮಾಡದೆಯೇ ಅಪ್ಪಂದಿರು ಏನನ್ನಾದರೂ ಕಲಿಸುವುದು ಹೀಗೆ.

ಇದೇ ಪುಸ್ತಕದ ಇನ್ನೊಂದು ಅಧ್ಯಾಯಕ್ಕೆ ಬರುತ್ತೇನೆ. ಕೊರಿಯಾ ಆಗ ಜಪಾನಿನ ಆಳ್ವಿಕೆಯಲ್ಲಿತ್ತು. 1910ರಿಂದ 1945ರವರೆಗೆ. ತೊತ್ತೊಚಾನ್ ಶಾಲೆಗೆ ಹೋಗುವ ದಾರಿಯಲ್ಲಿ ಕೊರಿಯಾದ ಬಡ ಕುಟುಂಬವೊಂದಿರುತ್ತದೆ. ಆ ಮನೆಯ ಹುಡುಗ ಮಸಾವೋ. ಒಂದು ದಿನ ಅವನು ಇವಳನ್ನು ನೋಡಿ ಸಿಟ್ಟಿನಿಂದ "ಕೊರಿಯಾದವಳೇ!" ಎಂದು ಕೂಗುತ್ತಾನೆ. ಅವಳಿಗೆ ಆಶ್ಚರ್ಯ. ಮನೆಗೆ ಬಂದು ಹೇಳಿದಾಗ ತಾಯಿಯ ಕಣ್ಣು ತುಂಬುತ್ತದೆ. ಎಲ್ಲರೂ ಅವನನ್ನು ಆ ಮಾತಿನಿಂದಲೇ ಕೂಗಿ ಕೂಗಿ, ಅದು ಅವನ ಸ್ವಂತ ಜನರ ಹೆಸರೆಂಬುದೇ ಆ ಮಗುವಿಗೆ ತಿಳಿದಿಲ್ಲ. ಯಾರನ್ನಾದರೂ ಬೈಯಬೇಕಾದರೆ ಬಳಸುವ ಕೆಟ್ಟ ಮಾತು ಅದು ಎಂದುಕೊಂಡಿದ್ದಾನೆ.

ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದ್ದು 2025ರ ಜೂನ್‌ನಲ್ಲಿ, ಕಾಲೇಜು ಶುರುವಾದ ಹೊಸದರಲ್ಲಿ. ಅದಕ್ಕೆ ಒಂದು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಭಾರತ ಮತ್ತು ಪಾಕಿಸ್ತಾನದ ನಡುವೆ ನಾಲ್ಕು ದಿನ ಸಂಘರ್ಷ ನಡೆದಿತ್ತು. ಗಡಿ ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರ. ಓದಿ ಮುಗಿದ ಮೇಲೆ ತರಗತಿ ತುಂಬಾ ಹೊತ್ತು ಸುಮ್ಮನಿತ್ತು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮೇಡಂ, ನನಗೂ ಹಿಂಗೇ ಆಗಿತ್ತು" ಎಂದ. ರಜೆಯಲ್ಲಿ ಮೈದಾನದಲ್ಲಿ ಆಡುವಾಗ, ದಿನಾ ಜೊತೆಗೆ ಆಡುವ ಹುಡುಗನೇ ಜಗಳದಲ್ಲಿ ಅವನನ್ನು 'ಪಾಕಿಸ್ತಾನ' ಎಂದು ಕರೆದಿದ್ದನಂತೆ. ಹೊಡೆದಾಟ ಆಗಲಿಲ್ಲ, ಇವನು ಬ್ಯಾಟು ತೆಗೆದುಕೊಂಡು ಮನೆಗೆ ಬಂದ. "ಆಮೇಲೆ?" ಎಂದೆ. "ಸಾಯಂಕಾಲ ಓಣಿಯಲ್ಲಿ ನನ್ನ ತಮ್ಮ ಒಂದು ಕ್ಯಾಚ್ ಬಿಟ್ಟ ಮೇಡಂ. ನಾನು ಅವನಿಗೆ ಅದೇ ಮಾತಲ್ಲೇ ಬೈದೆ. ಅಮ್ಮಿ ಒಳಗಿಂದ ಕೇಳಿಸಿಕೊಂಡು ಹೊರಗೆ ಬಂದು ನಿಂತ್ಕೊಂಡ್ರು. ಏನೂ ಅನ್ನಲಿಲ್ಲ. ನನ್ನ ತಮ್ಮನಿಗೆ ಏಳು ವರ್ಷ."

ಅವನು ಇದನ್ನು ಹೇಳಿದ್ದು ಮಸಾವೋವಿನ ಕತೆಗೆ ವಿವರಣೆಯಾಗಿ. ನಾನು ಸೇರಿಸಬೇಕಾದ್ದು ಏನೂ ಉಳಿದಿರಲಿಲ್ಲ. ಸಾಹಿತ್ಯದ ಪಾಠದಲ್ಲಿ ಒಬ್ಬ ವಿದ್ಯಾರ್ಥಿ ಕೊಟ್ಟ ಇಷ್ಟು ನಿಖರವಾದ ಟಿಪ್ಪಣಿಯನ್ನು ನಾನು ಇದುವರೆಗೆ ಕೇಳಿಲ್ಲ. ಅವನ ಒಪ್ಪಿಗೆ ಪಡೆದು, ಹೆಸರಿಲ್ಲದೆ ಇಲ್ಲಿ ಬರೆದಿದ್ದೇನೆ. ತರಗತಿಯ ಇನ್ನೊಬ್ಬ ವಿದ್ಯಾರ್ಥಿ, ತುರುವೇಕೆರೆ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವವನು, ಗಂಟೆ ಹೊಡೆದ ಮೇಲೆ ಅವನ ಹತ್ತಿರ ಹೋಗಿ, "ಭಾನುವಾರ ನಮ್ಮೂರಿಗೆ ಬಾರೋ, ನಮ್ಮ ಟೀಮಿಗೆ ಬೌಲರ್ ಇಲ್ಲ" ಎಂದದ್ದೂ ನನ್ನ ಕಿವಿಗೆ ಬಿತ್ತು. ತೊತ್ತೊಚಾನ್ ಕೂಡ ಮಸಾವೋ ಮತ್ತೆ ಸಿಕ್ಕಾಗ ಸ್ನೇಹ ಮಾಡಿಕೊಳ್ಳಬೇಕೆಂದುಕೊಳ್ಳುತ್ತಾಳೆ. ದೊಡ್ಡವರು ಕೊಟ್ಟ ಮಾತನ್ನು ಮಕ್ಕಳು ಹಾಗೆಯೇ ಮುಂದಕ್ಕೆ ದಾಟಿಸಬಹುದು, ಅಥವಾ ಅಲ್ಲಿಯೇ ನಿಲ್ಲಿಸಬಹುದು. ಮಕ್ಕಳ ಯುದ್ಧಕತೆಯಲ್ಲಿ ನಾಯಕ, ನಾಯಕಿ ಎಂದರೆ ನನ್ನ ಲೆಕ್ಕದಲ್ಲಿ ನಿಲ್ಲಿಸುವವರು.

ಎಲ್ಲ ಪುಸ್ತಕಗಳೂ ಇಷ್ಟು ಎಚ್ಚರದಿಂದ ಬರೆದವಲ್ಲ. ನಿಮ್ಮಲ್ಲಿ ಹಲವರು ಫೋನಿನಲ್ಲಿ ನೋಡಿರುವ 'ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್' ಚಿತ್ರಕ್ಕೆ ಮೂಲ ಐರ್ಲೆಂಡಿನ ಜಾನ್ ಬಾಯ್ನ್ ಅವರ ಕಾದಂಬರಿ, 2006ರದ್ದು. ನಾಜಿ ಶಿಬಿರದ ಮುಖ್ಯಸ್ಥನ ಮಗ, ಒಂಬತ್ತು ವರ್ಷದ ಬ್ರೂನೋ, ಬೇಲಿಯ ಆಚೆಗಿರುವ ಯಹೂದಿ ಹುಡುಗನ ಗೆಳೆಯನಾಗುತ್ತಾನೆ. ಕೊನೆಗೆ ಎಲ್ಲರೂ ಅಳುತ್ತಾರೆ. ನಾಜಿಗಳು ನಡೆಸಿದ ಹತ್ಯಾಕಾಂಡದ ಇತಿಹಾಸವನ್ನು ಓದುವವರು, ಕಲಿಸುವವರು ಈ ಪುಸ್ತಕವನ್ನು ಬಿಡುವುದು ಒಳ್ಳೆಯದು ಎಂದು ಆಶ್‌ವಿಟ್ಜ್ ಸ್ಮಾರಕದವರೇ 2020ರಲ್ಲಿ ಹೇಳಿದರು. ನನ್ನ ಆಕ್ಷೇಪ ಇನ್ನೂ ಸರಳ. ಅಂತಹ ಮನೆಯಲ್ಲಿ ಬೆಳೆದ ಒಂಬತ್ತು ವರ್ಷದ ಹುಡುಗನಿಗೆ ದ್ವೇಷದ ಒಂದು ಮಾತೂ ಕಿವಿಗೆ ಬಿದ್ದಿಲ್ಲವೆಂದರೆ ನಂಬುವುದು ಕಷ್ಟ. ಮಸಾವೋನಿಗೆ ಬಿದ್ದಿತ್ತು. ಏಳು ವರ್ಷದ ತಮ್ಮನಿಗೂ ಬಿತ್ತು. ಮಕ್ಕಳ ಮುಗ್ಧತೆಯನ್ನು ಅಗತ್ಯಕ್ಕಿಂತ ಹೆಚ್ಚು ಬೆಳೆಸಿದರೆ ಅಳು ಬರುತ್ತದೆ, ಅರ್ಥ ಬರುವುದಿಲ್ಲ. ಸಿನಿಮಾ ನೋಡಬೇಡಿ ಎನ್ನುತ್ತಿಲ್ಲ, ನೋಡಿ ಆದ ಮೇಲೆ ಈ ಪ್ರಶ್ನೆ ಹಾಕಿಕೊಳ್ಳಿ.

ಮಹಾಯುದ್ಧದ ಬಗ್ಗೆ ಕನ್ನಡದ ಎಳೆಯ ಓದುಗರಿಗೆ ಹೆಚ್ಚು ತಿಳಿಸಿದವರು ಪೂರ್ಣಚಂದ್ರ ತೇಜಸ್ವಿ. ಅವರ 'ಮಹಾಪಲಾಯನ'ವನ್ನು ನಮ್ಮ ಗ್ರಂಥಾಲಯದಲ್ಲಿ ಹಾಳೆ ಕಿತ್ತುಬರುವಷ್ಟು ಓದಿದ್ದೀರಿ. ಸೈಬೀರಿಯಾದ ಸೆರೆಶಿಬಿರದಿಂದ ಭಾರತದವರೆಗೆ ನಡೆದು ಬಂದ ಕೈದಿಗಳ ಕತೆ. ದಾರಿಯಲ್ಲಿ ಹದಿಹರೆಯದ ಹುಡುಗಿ ಕ್ರಿಸ್ಟಿನಾ ಅವರನ್ನು ಸೇರಿಕೊಳ್ಳುತ್ತಾಳೆ, ಗೋಬಿ ಮರುಭೂಮಿಯಲ್ಲಿ ಸಾಯುತ್ತಾಳೆ. ಮೂಲ ಪುಸ್ತಕದ ಪ್ರಯಾಣ ನಿಜಕ್ಕೂ ನಡೆಯಿತೇ ಎಂಬ ಬಗ್ಗೆ ಬಲವಾದ ಅನುಮಾನಗಳಿವೆ. ಆದರೆ ಕ್ರಿಸ್ಟಿನಾ ಸತ್ತ ಪುಟದಲ್ಲಿ ನಿಮ್ಮಲ್ಲಿ ಯಾರೋ ಪೆನ್ಸಿಲಿನಲ್ಲಿ 'ಛೇ' ಎಂದು ಬರೆದಿದ್ದೀರಿ. ಗ್ರಂಥಪಾಲಕರು ನೋಡಿಲ್ಲ, ನಾನು ಹೇಳಿಲ್ಲ.

ಕೊನೆಯದಾಗಿ, ನಮ್ಮ ಸೀಮೆಗೆ ಎಲ್ಲಕ್ಕಿಂತ ಹತ್ತಿರದ ಪುಸ್ತಕ ದೂರದ ಕಿರ್ಗಿಜ್ ನಾಡಿನದು. ಚಿಂಗೀಜ್ ಐತ್‌ಮಾತೊವ್ 1928ರಲ್ಲಿ ಅಲ್ಲಿಯ ಹಳ್ಳಿಯೊಂದರಲ್ಲಿ ಹುಟ್ಟಿದವರು. 1938ರಲ್ಲಿ ಸ್ಟಾಲಿನ್ ಆಳ್ವಿಕೆಯಲ್ಲಿ ಅವರ ತಂದೆಯನ್ನು ಗುಂಡಿಟ್ಟು ಕೊಂದರು. ಯುದ್ಧ ಬಂದು ಊರಿನ ಗಂಡಸರೆಲ್ಲ ರಣರಂಗಕ್ಕೆ ಹೋದಾಗ, ಓದು ಬರಹ ಬಲ್ಲ ಹುಡುಗ ಎಂದು ಹದಿನಾಲ್ಕನೆಯ ವಯಸ್ಸಿನಲ್ಲಿ ಅವರನ್ನು ಹಳ್ಳಿಯ ಆಡಳಿತದ ಕಾರ್ಯದರ್ಶಿ ಮಾಡಿದರು. ಸತ್ತ ಸೈನಿಕರ ಸುದ್ದಿಯ ಕಾಗದವನ್ನು ಮನೆಮನೆಗೆ ಒಯ್ದು ಓದಿ ಹೇಳುವುದು ಆ ಹುಡುಗನ ಕೆಲಸಗಳಲ್ಲಿ ಒಂದಾಗಿತ್ತು. ನಿಮ್ಮ ಎಂಟನೇ ತರಗತಿಯ ತಮ್ಮ ಆ ಕೆಲಸ ಮಾಡುವುದನ್ನು ಊಹಿಸಿಕೊಳ್ಳಿ.

ಅವರ 'ಅರ್ಲಿ ಕ್ರೇನ್ಸ್' ಎಂಬ ಕಿರುಕಾದಂಬರಿ 1975ರದ್ದು. ಹೆಸರಿನ ಅರ್ಥ ಬೇಗ ಬಂದ ಕೊಕ್ಕರೆಗಳು. ಇಂಗ್ಲಿಷಿನಲ್ಲಿ ಓದಿ, ಭಾಷೆ ಕಷ್ಟವಿ‌ಲ್ಲ. ಕತೆ ತೆರೆದುಕೊಳ್ಳುವುದು ಒಂದು ಶಾಲೆಯ ಕೊಠಡಿಯಲ್ಲಿ. ಚಳಿಗಾಲ, ಒಲೆಗೆ ಉರುವಲಿಲ್ಲ, ಮಕ್ಕಳು ನಡುಗುತ್ತಿದ್ದಾರೆ. ಭೂಗೋಳದ ಪಾಠ ನಡೆಯುತ್ತಿದೆ. ಶಿಕ್ಷಕಿ ಹೇಳುತ್ತಿರುವುದು ಸಿಲೋನಿನ ಬಗ್ಗೆ! ವರ್ಷವಿಡೀ ಬೆಚ್ಚಗಿರುವ, ನಮ್ಮ ಪಕ್ಕದ ಅದೇ ದ್ವೀಪ. ಆ ಮಕ್ಕಳಿಗೆ ಅದು ಸ್ವರ್ಗದಂತೆ ಕೇಳಿಸುತ್ತದೆ. ಅಷ್ಟರಲ್ಲಿ ಸಾಮೂಹಿಕ ಕೃಷಿ ಕ್ಷೇತ್ರದ ಅಧ್ಯಕ್ಷ ಒಳಗೆ ಬರುತ್ತಾನೆ. ಉಳಲು ಗಂಡಸರಿಲ್ಲ, ಕುದುರೆಗಳು ಬಡಕಲಾಗಿವೆ, ಹೊಲ ಬಿತ್ತದಿದ್ದರೆ ರಣರಂಗಕ್ಕೂ ಊರಿಗೂ ಅನ್ನವಿಲ್ಲ. ಅವನು ಗಟ್ಟಿಮುಟ್ಟಾದ ಕೆಲವು ಹುಡುಗರನ್ನು ಆರಿಸಿಕೊಳ್ಳುತ್ತಾನೆ. ಸುಲ್ತಾನ್‌ಮುರಾತ್ ಅವರಲ್ಲಿ ಒಬ್ಬ. ಅಪ್ಪ ಯುದ್ಧದಲ್ಲಿ, ಕಾಗದ ಬಂದು ಬಹಳ ದಿನವಾಗಿದೆ. ಹುಡುಗ ಅಪ್ಪನ ಕುದುರೆಗಳನ್ನೇ ಮೈದುಂಬಿಸಿ, ನೇಗಿಲು ರಿಪೇರಿ ಮಾಡಿ, ಊರಿನಿಂದ ದೂರದ ಬಯಲಿಗೆ ಉಳಲು ಹೋಗುತ್ತಾನೆ. ತರಗತಿಯ ಹುಡುಗಿಯೊಬ್ಬಳ ಮೇಲೆ ಅವನಿಗೆ ಪ್ರೀತಿಯೂ ಇದೆ, ಅದನ್ನು ಐತ್‌ಮಾತೊವ್ ಎಷ್ಟು ಮರ್ಯಾದೆಯಿಂದ ಬರೆದಿದ್ದಾರೆಂದರೆ ಮನೆಯಲ್ಲಿ ಅಬ್ಬಾ ಮುಂದೆ ಕೂತೂ ಓದಬಹುದು. ಕೊನೆಯನ್ನು ನಾನು ಹೇಳುವುದಿಲ್ಲ.

ಈ ಕತೆಯನ್ನು ನಾನು ಹೇಳಿದಾಗ ಚಿಕ್ಕನಾಯಕನಹಳ್ಳಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಮೇಡಂ, ನಮ್ಮಲ್ಲಿ ಯುದ್ಧ ಇಲ್ವಲ್ಲ. ಆದ್ರೂ ಕಾಯಿ ಕೀಳೋ ಸಮಯದಲ್ಲಿ ಅರ್ಧ ಹುಡುಗರು ಕ್ಲಾಸಲ್ಲಿ ಇರಲ್ಲ. ಅದು ಯಾಕೆ?" ಹಾಜರಿ ಪುಸ್ತಕ ಅವಳ ಮಾತನ್ನು ಒಪ್ಪುತ್ತದೆ. ಕಾಯಿ ಸುಲಿಯಲು, ಲೋಡು ತುಂಬಲು, ಮಂಡಿಯಲ್ಲಿ ಚೀಲ ಹೊಲಿಯಲು ಹೋಗುವ ಹುಡುಗರು ನಮ್ಮಲ್ಲಿದ್ದಾರೆ. ಅಬ್ಬಾಗೆ ಹುಷಾರಿಲ್ಲ, ಅಣ್ಣ ಬೆಂಗಳೂರಿಗೆ ಹೋದ, ಸಾಲ ಇದೆ, ಹೀಗೆ ಕಾರಣಗಳು. ಸುಲ್ತಾನ್‌ಮುರಾತ್‌ನನ್ನು ಕರೆದೊಯ್ದ ಅಧ್ಯಕ್ಷ ಕೆಟ್ಟವನಲ್ಲ. ಕಾಯಿ ಸುಲಿಯಲು ಕಳಿಸುವ ಅಪ್ಪ ಅಮ್ಮಂದಿರೂ ಕೆಟ್ಟವರಲ್ಲ. ಆದರೆ ಒಂದು ವ್ಯತ್ಯಾಸವಿದೆ. ಆ ಅಧ್ಯಕ್ಷ ಹುಡುಗರನ್ನು ಕೇಳುವಾಗ ಇಡೀ ತರಗತಿಯ ಮುಂದೆ, ಶಿಕ್ಷಕಿಯ ಮುಂದೆ ಕೇಳುತ್ತಾನೆ. ಯಾರು ಹೋಗುತ್ತಿದ್ದಾರೆ, ಯಾಕೆ ಹೋಗುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ನಮ್ಮಲ್ಲಿ ಹುಡುಗರು ಹೇಳದೆ ಮಾಯವಾಗುತ್ತಾರೆ. ಹೇಳಿ ಹೋಗಿ. ಬಿಟ್ಟ ಪಾಠವನ್ನು ಸಂಜೆ ಹೇಳಿಕೊಡಲು ನಾನಿದ್ದೇನೆ, ಇತರ ಉಪನ್ಯಾಸಕರೂ ಇದ್ದಾರೆ.

ಉಂಡೆ ಕೊಬ್ಬರಿಯ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಇರಬೇಕು, ಒಳಗಿನ ನೀರು ತಾನಾಗಿ ಇಂಗಬೇಕು. ಅವಸರವಾದರೆ ಒಡೆದು ಬಿಸಿಲಿಗೆ ಹಾಕುತ್ತಾರೆ, ಅದೂ ಕೊಬ್ಬರಿಯೇ, ಆದರೆ ಮಾರುಕಟ್ಟೆಯಲ್ಲಿ ಅದನ್ನು ಉಂಡೆ ಎಂದು ಯಾರೂ ಕೊಳ್ಳುವುದಿಲ್ಲ. ಸುಲ್ತಾನ್‌ಮುರಾತ್‌ನ ಕತೆ ಹೇಳುವಾಗ ಈ ಹೋಲಿಕೆ ಕೊಟ್ಟವನೂ ನಿಮ್ಮಲ್ಲೇ ಒಬ್ಬ, ಅವನ ಅಜ್ಜ ಕೊಬ್ಬರಿ ಸುಲಿಯುವವರು.

ಇನ್ನು ಕೆಲಸ. ಮುಂದಿನ ಸಂಚಿಕೆಗೆ ನಿಮ್ಮಿಂದ ಒಂದೊಂದು ಪುಟ ಬೇಕು. ಮನೆಯಲ್ಲಿರುವ ಅಜ್ಜ ಅಜ್ಜಿ, ದಾದಾ ದಾದಿ, ನಾನಾ ನಾನಿ, ಅಥವಾ ಪಕ್ಕದ ಮನೆಯ ಹಿರಿಯರನ್ನು ಕೇಳಿ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತು ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟಿದ್ದರು. ಆಗ ನಿಮ್ಮ ಮನೆಯಲ್ಲಿ ಬಿಟ್ಟಿದ್ದರೇ? ಮಕ್ಕಳೂ ಬಿಟ್ಟಿದ್ದರೇ? 1971ರಲ್ಲಿ ಅವರ ವಯಸ್ಸೆಷ್ಟು? ರೇಷನ್ ಅಂಗಡಿಯ ಸಾಲಿನಲ್ಲಿ ಯಾರು ನಿಲ್ಲುತ್ತಿದ್ದರು? ಸೀಮೆಎಣ್ಣೆ ಸಿಗುತ್ತಿತ್ತೇ? ಆಗ ಯಾವ ಮಾತು ಹೊಸದಾಗಿ ಕಿವಿಗೆ ಬಿತ್ತು? "ಯುದ್ಧ ಹೇಗಿತ್ತು" ಎಂದು ಕೇಳಬೇಡಿ, "ನಮಗೇನು ಗೊತ್ತು ಮಗಾ" ಎಂದು ಸುಮ್ಮನಾಗುತ್ತಾರೆ. ಆ ದಿನಗಳಲ್ಲಿ ಅಡುಗೆಮನೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯಿರಿ, ದಖನಿಯಲ್ಲಿ ಹೇಳಿದರೆ ಕನ್ನಡ ಅಕ್ಷರದಲ್ಲಿ ಹಾಗೆಯೇ ಇಡಿ. ಹಾಳೆಗಳನ್ನು ಗ್ರಂಥಾಲಯದ ಬಾಗಿಲ ಪಕ್ಕದ ಪೆಟ್ಟಿಗೆಗೆ ಹಾಕಿದರೆ ಸಾಕು. 'ಚಿರಸ್ಮರಣೆ'ಯ ಎರಡು ಪ್ರತಿ ಈಗ ಕಪಾಟಿನಲ್ಲಿವೆ. 'ತೊತ್ತೊಚಾನ್' ತೆಗೆದುಕೊಂಡು ಹೋಗಿರುವವರು ದಯವಿಟ್ಟು ಹಿಂದಿರುಗಿಸಿ, ನಾಲ್ಕು ಜನ ಕಾಯುತ್ತಿದ್ದಾರೆ.